ಒಂದು ಬೆರಳಗಲ ಕೂದಲು

ನಮ್ಮ ಡ್ರಾಯಿಂಗ್ ಮೇಷ್ಟ್ರಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಹುಡುಗಿಯರ ಹೈಸ್ಕೂಲಿಗೆ ಬರುವ ಗಂಡು ಮೇಷ್ಟ್ರುಗಳು ಆ ಕಾಲದಲ್ಲಿ ತಗ್ಗಿದ ದನಿಯಲ್ಲಿ, ಗೋಡೆ ನೋಡಿಕೊಂಡು ಪಾಠ ಮಾಡುತ್ತಿದ್ದರು. ಇವರು ಹಾಗಲ್ಲ. ಮೇಜಿನ ಮೇಲೆ ಒಂದು ಮಣ್ಣಿನ ಹೂಜಿ ಇಟ್ಟು ಬರೆಯಿರಿ ಎನ್ನುತ್ತಿದ್ದರು. ನಾವು ಎರಡೂ ಪಕ್ಕ ಸಮನಾಗಿರುವ, ಬಾಯಿ ದುಂಡಗಿರುವ ಮುದ್ದಾದ ಹೂಜಿ ಬರೆಯುತ್ತಿದ್ದೆವು. ಅವರು ಬೆಂಚಿನ ಪಕ್ಕಕ್ಕೆ ಬಂದು ಹಾಳೆಯ ಮೇಲೆ ಬೆರಳು ಕುಟ್ಟಿ, "ಇದು ಆ ಹೂಜಿ ಅಲ್ಲಮ್ಮ, ನಿನ್ನ ತಲೇಲಿರೋ ಹೂಜಿ. ಅಲ್ಲಿರೋದು ಸೊಟ್ಟಗಿದೆ. ಬಾಯಿ ಒಡೆದಿದೆ. ಕಂಡದ್ದು ಬರಿ. ಇಲ್ಲದ್ದು ಬರೀಬೇಡ" ಎನ್ನುತ್ತಿದ್ದರು.

ಆ ಮಾತು ನನ್ನ ತಲೆಗೆ ಹತ್ತಿತು. ಹದಿನಾರರ ಹುಡುಗಿಗೆ ಯಾವುದಾದರೂ ಒಂದು ಮಾತು ಹೀಗೆ ಹತ್ತಿಬಿಟ್ಟರೆ ಮನೆಯವರ ಪಾಡು ಹೇಳಬೇಕಾಗಿಲ್ಲ. ಗೋಡೆಯ ಕ್ಯಾಲೆಂಡರಿನ ಲಕ್ಷ್ಮಿಗೆ ನಾಲ್ಕು ಕೈ ಇರುವುದನ್ನು ಕಂಡವರು ಯಾರು ಎಂದು ಕೇಳಿ ಅಮ್ಮನಿಂದ ಬೈಸಿಕೊಂಡೆ. ತಂಗಿ ಬರೆದ ಗುಡಿಸಲು, ತೆಂಗಿನ ಮರ, ಎರಡು ಬೆಟ್ಟದ ನಡುವಿನ ಸೂರ್ಯ ಎಲ್ಲವನ್ನೂ ಒಂದೇ ಮಾತಿಗೆ ತಳ್ಳಿಹಾಕಿ ಅವಳನ್ನು ಅಳಿಸಿದೆ. ಬಸವನಗುಡಿಯ ನಮ್ಮ ಮನೆಯ ಕಿಟಕಿಯಿಂದ ಬೆಟ್ಟ ಕಾಣುತ್ತದೆಯೇ, ತೋರಿಸು ಎಂದಿದ್ದೆ. ಇಲ್ಲದ್ದನ್ನು ಬರೆಯುವವರೆಲ್ಲ ಸುಳ್ಳರು ಎಂಬುದು ಆ ವರ್ಷದ ನನ್ನ ಸಿದ್ಧಾಂತ.

ಎಪ್ಪತ್ತರ ದಶಕ ಮುಗಿಯುತ್ತಿತ್ತು. ನಾನು ಎಸ್ಸೆಸ್ಸೆಲ್ಸಿ. ಸರ್ಕಾರದ ಡ್ರಾಯಿಂಗ್ ಪರೀಕ್ಷೆಯಲ್ಲಿ ಲೋಯರ್ ಪಾಸು ಮಾಡಿ ಹೈಯರಿಗೆ ಕಟ್ಟಿದ್ದೆ. ಚಾಮರಾಜಪೇಟೆಯ ನಮ್ಮ ಶಾಲೆಯಲ್ಲಿ ಹಾಗೆ ಕಟ್ಟಿದವರು ಐದೇ ಜನ. ಐವರಿಗೂ ಮೇಷ್ಟ್ರು ಪರೀಕ್ಷೆಯಲ್ಲಿ ಇಲ್ಲದ ಒಂದು ವಿದ್ಯೆ ಹೇಳಿಕೊಡುತ್ತೇನೆ ಎಂದು ಶನಿವಾರ ಮಧ್ಯಾಹ್ನ ಕೂರಿಸಿಕೊಂಡರು. ಅದು ಲಿನೋ ಅಚ್ಚು. ನೆಲಕ್ಕೆ ಹಾಸುವ ಲಿನೋಲಿಯಂ ತುಂಡಿನ ಮೇಲೆ ಚಿತ್ರ ಕೆತ್ತಿ, ಮಸಿ ಸವರಿ, ಮೇಲೆ ಕಾಗದವಿಟ್ಟು ಉಜ್ಜಿ ತೆಗೆಯುವುದು. ಕೆತ್ತಿದ ಜಾಗಕ್ಕೆ ಮಸಿ ಹತ್ತುವುದಿಲ್ಲ, ಅದು ಬಿಳಿ. ಕೆತ್ತದೆ ಬಿಟ್ಟದ್ದು ಕಪ್ಪು. ಒಮ್ಮೆ ಕೆತ್ತಿದ್ದನ್ನು ಮತ್ತೆ ತುಂಬಲು ಬರುವುದಿಲ್ಲ, ಆದ್ದರಿಂದ ಉಳಿ ಇಡುವ ಮುಂಚೆ ಯೋಚಿಸಿ ಎಂದು ಅವರು ಮೊದಲ ದಿನವೇ ಹೇಳಿದ್ದರು.

ಉಳಿಗಳನ್ನು ಅವರೇ ಮಾಡಿಕೊಟ್ಟರು. ಓಕಳಿಪುರಂನಲ್ಲಿ ಅವರ ಮನೆ. ಅಲ್ಲಿಂದ ಸೈಕಲ್ಲಿನ ಹಿಂದೆ ಹಳೆಯ ಕೊಡೆಗಳ ಕಟ್ಟು ಹೊತ್ತು ತಂದಿದ್ದರು. ಕೊಡೆಯ ಕಡ್ಡಿ ಒಳಗೆ ತೋಡು ಇರುವಂಥದು. ತುದಿಯನ್ನು ಸಾಣೆಕಲ್ಲಿಗೆ ಉಜ್ಜಿ, ಬಿದಿರಿನ ಹಿಡಿಗೆ ಸಿಕ್ಕಿಸಿದರೆ ಲಿನೋ ಬೆಣ್ಣೆ ಹಾಗೆ ಬರುತ್ತದೆ. ಲಿನೋ ತುಂಡಿಗಾಗಿ ನಾನು ಅಪ್ಪನನ್ನು ಮಾಮೂಲ್‌ಪೇಟೆಯವರೆಗೂ ಎಳೆದುಕೊಂಡು ಹೋದೆ. ಅಂಗಡಿಯವನು ಅಪ್ಪನ ಮುಖ ನೋಡಿ, "ಒಂದು ಗೇಣು ತಗೊಂಡು ಯಾವ ನೆಲಕ್ಕೆ ಹಾಸ್ತೀರ ಸ್ವಾಮಿ" ಎಂದ. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅಪ್ಪನಿಗೆ ಅವಮಾನವಾಯಿತು.

ಮೇಷ್ಟ್ರು ಕೊಟ್ಟ ಕೆಲಸ ಇಷ್ಟು: ನಿಮ್ಮ ಮನೆಯ ಯಾರಾದರೂ ಒಬ್ಬರ ಮುಖ. ಫೋಟೋ ನೋಡಿ ಬರೆಯಕೂಡದು, ಎದುರಿಗೆ ಕೂರಿಸಿಕೊಂಡೇ ಬರೆಯಬೇಕು. ಒಳ್ಳೆಯದನ್ನು ಸ್ಕೂಲ್ ಡೇಗೆ ಶಾಲೆಯ ದೊಡ್ಡ ಹಾಲಿನಲ್ಲಿ ತೂಗುಹಾಕುತ್ತೇನೆ ಎಂದರು. ಅಮ್ಮನಿಗೆ ಕೂರಲು ಪುರಸೊತ್ತಿಲ್ಲ. ಅಪ್ಪ ಮಾಮೂಲ್‌ಪೇಟೆಯ ಸಿಟ್ಟಿನಲ್ಲಿದ್ದರು. ತಂಗಿ ಸೇಡು ತೀರಿಸಿಕೊಳ್ಳಲು ನಾಲಿಗೆ ಚಾಚುತ್ತಿದ್ದಳು. ಉಳಿದವರು ಅತ್ತೆ.

ಅತ್ತೆ ನನಗೆ ಅತ್ತೆಯಲ್ಲ, ಅಪ್ಪನ ಸೋದರತ್ತೆ, ಅಂದರೆ ನನ್ನ ತಾತನ ತಂಗಿ. ಅಪ್ಪ ಕರೆಯುವುದನ್ನು ಕೇಳಿ ನಾವೂ ಅತ್ತೆ ಎಂದೇ ಕರೆಯುತ್ತಿದ್ದೆವು. ಮದುವೆಯಾದಾಗ ಹನ್ನೊಂದು, ಗಂಡ ಹೋದಾಗ ಹದಿಮೂರು. ಆವತ್ತಿನಿಂದ ಅಣ್ಣನ ಮನೆ, ಅಣ್ಣನ ನಂತರ ಅಣ್ಣನ ಮಗನ ಮನೆ. ಕೆಂಪು ಸೀರೆ, ಬೋಳಿಸಿದ ತಲೆ, ಹಣೆಯ ಮೇಲಿನಿಂದ ಬಿಗಿಯಾಗಿ ಎಳೆದು ಕಿವಿಯ ಹಿಂದೆ ಸಿಕ್ಕಿಸಿದ ಸೆರಗು. ತಿಂಗಳಿಗೊಮ್ಮೆ ಕ್ಷೌರದವನು ಹಿತ್ತಲ ಬಾಗಿಲಿನಿಂದ ಬರುತ್ತಿದ್ದ. ಆ ಹೊತ್ತಿಗೆ ಮಕ್ಕಳನ್ನು ಮುಂದಿನ ಜಗಲಿಗೆ ಓಡಿಸುತ್ತಿದ್ದರು. ಅತ್ತೆ ಸ್ನಾನ ಮಾಡಿ ಒಂದು ಗಂಟೆಯೊಳಗೆ ಅಡುಗೆಮನೆಯಲ್ಲಿರುತ್ತಿದ್ದರು, ಮಾಮೂಲಿನಂತೆ ಮಾತಾಡುತ್ತಿದ್ದರು. ಬೀದಿಯಲ್ಲಿ ಹೆಂಗಸರನ್ನು ಬೈಯಲು ಗಂಡಸರು ಬಳಸುವ ಒಂದು ಪದವಿದೆಯಲ್ಲ, ಅದು ಅತ್ತೆಯಂಥವರ ತಲೆಯಿಂದಲೇ ಹುಟ್ಟಿದ್ದು ಎಂದು ನನಗೆ ಹೊಳೆದದ್ದು ಎಷ್ಟೋ ವರ್ಷದ ಮೇಲೆ.

ಇನ್ನೊಂದು ವಿಷಯ ಹೇಳಲೇಬೇಕು. ನನ್ನ ತಲೆ ಬಾಚುತ್ತಿದ್ದವರು ಅತ್ತೆ. ಬೆಳಗ್ಗೆ ಅವರು ಮಡಿಯಲ್ಲಿರುವುದರಿಂದ ಮುಟ್ಟುವ ಹಾಗಿಲ್ಲ. ಸಂಜೆ ನಾನು ಶಾಲೆಯಿಂದ ಬಂದ ಮೇಲೆ, ದೀಪ ಹಚ್ಚುವ ಮುಂಚೆ, ಹಿತ್ತಲ ಮೆಟ್ಟಿಲ ಮೇಲೆ ಕೂರಿಸಿಕೊಂಡು ಎಣ್ಣೆ ಹಚ್ಚಿ ಸಿಕ್ಕು ಬಿಡಿಸಿ ಜಡೆ ಹಾಕುತ್ತಿದ್ದರು. ಜಡೆಯನ್ನು ಮುಷ್ಟಿಯಲ್ಲಿ ಹಿಡಿದು ತೂಕ ನೋಡಿ, "ಈ ತಿಂಗಳು ದಪ್ಪ ಆಗಿದೆ ಕಣೆ" ಎನ್ನುತ್ತಿದ್ದರು. ನನಗೆ ಅದೊಂದು ಹಿಂಸೆ. ಬೇಗ ಮುಗಿಸಿ ಎಂದು ಗೊಣಗುತ್ತಿದ್ದೆ. ಅವರ ಕೈಗೆ ಆ ಕೆಲಸ ಏನಾಗಿತ್ತು ಎಂದು ಒಂದು ದಿನವೂ ಯೋಚಿಸಲಿಲ್ಲ.

ಚಿತ್ರಕ್ಕೆ ಕೂರಿ ಎಂದಾಗ ಅತ್ತೆ ನಕ್ಕರು. "ಹೊರಗೆ ಹೊರಟೋರು ನನ್ನ ಮುಖ ಕಂಡರೆ ಒಳಗೆ ಬಂದು ನೀರು ಕುಡಿದು ಹೋಗ್ತಾರೆ. ನೀನು ಅದನ್ನೇ ಬರೆದು ಸ್ಕೂಲಲ್ಲಿ ನೇತುಹಾಕ್ತೀನಿ ಅಂತೀಯ. ಪರೀಕ್ಷೇಲಿ ಡುಮ್ಕಿ ಹೊಡೀತೀಯ, ನೋಡ್ಕೊ." ನಾನು ಬಿಡಲಿಲ್ಲ. ಒಂದು ವಾರ ಬೆನ್ನು ಹತ್ತಿದೆ. ಕೊನೆಗೆ ರಜೆಯಲ್ಲಿ ಒಂದು ಮಧ್ಯಾಹ್ನ ಊಟ ಮುಗಿದು ಮಡಿ ಇಳಿದ ಮೇಲೆ ತಾವೇ ಬಂದು ಹಿತ್ತಲ ಒಗೆಯುವ ಕಲ್ಲಿನ ಮೇಲೆ ಕೂತರು. ಸೀರೆಯ ನೆರಿಗೆ ಸರಿಮಾಡಿಕೊಂಡರು. ಕೈ ಎಲ್ಲಿಡಲಿ ಎಂದು ಕೇಳಿದರು. ಅವರು ನನ್ನನ್ನು ಏನನ್ನಾದರೂ ಹಾಗೆ ಕೇಳಿದ್ದು ಅದೇ ಮೊದಲು.

ನಾನು ಪೆನ್ಸಿಲ್ ಹಿಡಿದು ಮೂಗಿನ ಉದ್ದ ಅಳೆಯುತ್ತಿದ್ದೆ. ಅತ್ತೆ, "ಇದನ್ನ ಯಾರ್ಯಾರು ನೋಡ್ತಾರೆ?" ಎಂದರು.

"ಎಲ್ಲಾರೂ ಅತ್ತೆ. ಇಡೀ ಸ್ಕೂಲು. ಅವರ ಮನೆಯೋರೂ ಬರ್ತಾರೆ."

"ಹಾಗಾದ್ರೆ ಒಂದು ಮಾಡು. ಸೆರಗಿನ ಕೆಳಗೆ ಒಂಚೂರು ಕೂದಲು ಕಾಣೋ ಹಾಗೆ ಬರಿ. ಜಾಸ್ತಿ ಏನ್ ಬೇಡ. ಇಷ್ಟು." ಹಣೆಯ ಮೇಲೆ ಒಂದು ಬೆರಳನ್ನು ಅಡ್ಡ ಇಟ್ಟು ತೋರಿಸಿದರು. "ಆ ಹುಡುಗೀರೆಲ್ಲ ನೋಡ್ತಾರಲ್ಲ."

ನಾನು ತಲೆ ಕೂಡ ಎತ್ತಲಿಲ್ಲ. "ಇಲ್ಲದ್ದನ್ನ ಬರಿಯೋ ಹಾಗಿಲ್ಲ ಅತ್ತೆ" ಎಂದೆ.

ಆ ವಾಕ್ಯವನ್ನು ಎಷ್ಟೋ ಸಲ ನನ್ನೊಳಗೇ ಹೇಳಿ ನೋಡಿದ್ದೇನೆ. ದನಿ ಹೇಗಿತ್ತು, ಗದರಿದೆನೋ, ಮೆತ್ತಗೆ ಹೇಳಿದೆನೋ. ಗದರಿರಲಿಲ್ಲ ಎನ್ನುವುದೇ ಇನ್ನೂ ಕೆಟ್ಟದ್ದು. ಪಾಠ ಒಪ್ಪಿಸುವವಳ ಹಾಗೆ, ಸರಿಯಾದ ಉತ್ತರ ಗೊತ್ತಿರುವವಳ ಖುಷಿಯಲ್ಲಿ ಹೇಳಿದ್ದೆ.

ಅತ್ತೆ ಬೆರಳನ್ನು ಹಣೆಯಿಂದ ತೆಗೆದರು. "ಹೌದಲ್ವಾ. ಸರಿ ಬಿಡು. ನಿಮ್ಮ ಮೇಷ್ಟ್ರು ಹೇಳಿದ ಹಾಗೇ ಬರಿ" ಎಂದರು. ಆಮೇಲೂ ನಾಲ್ಕು ಮಧ್ಯಾಹ್ನ ಬಂದು ಕೂತರು, ಒಂದು ದಿನವೂ ತಪ್ಪಿಸಲಿಲ್ಲ. ಬೆನ್ನು ನೋಯುತ್ತದೆ ಎಂದೂ ಅನ್ನಲಿಲ್ಲ. ಆರನೆಯ ದಿನ ಚಿತ್ರವನ್ನು ಲಿನೋ ಮೇಲೆ ತಿರುಗುಮುರುಗಾಗಿ ಇಳಿಸಿಕೊಂಡು ಕೆತ್ತಲು ಕೂತೆ. ತುಂಡನ್ನು ಬಿಸಿಲಿಗೆ ಇಟ್ಟು ಮೆತ್ತಗೆ ಮಾಡಿಕೊಂಡಿದ್ದೆ. ಸೀರೆಯನ್ನು ಕಪ್ಪಾಗಿಯೇ ಬಿಟ್ಟೆ, ಮಡಿಕೆಗಳಿಗೆ ಸಣ್ಣ ಗೆರೆ. ಸೆರಗಿನ ಅಂಚಿಗೆ ಒಂದು ಉದ್ದನೆಯ ಬಿಳಿ ಗೆರೆ. ಆಮೇಲೆ ಹಣೆ. ಅಗಲವಾದ ಉಳಿ ತೆಗೆದುಕೊಂಡು ಆ ಗೆರೆಯಿಂದ ಹುಬ್ಬಿನವರೆಗೆ ಒಂದೇ ಸಮ ಕೆತ್ತಿ ತೆಗೆದೆ. ಕೈ ಎಲ್ಲೂ ಜಾರಲಿಲ್ಲ. ಅಷ್ಟು ಚೆನ್ನಾಗಿ ನಾನು ಅದಕ್ಕೆ ಮುಂಚೆ ಏನನ್ನೂ ಕೆತ್ತಿರಲಿಲ್ಲ.

ಮೇಷ್ಟ್ರು ಚಾಮರಾಜಪೇಟೆಯ ಒಂದು ಪ್ರೆಸ್ಸಿನಿಂದ ಮಸಿ ಕೊಡಿಸಿದ್ದರು. ಕಾಗದದ ಬೆನ್ನನ್ನು ಉಜ್ಜಲು ಚಮಚ ಬೇಕಿತ್ತು. ಮಸಿ ಮುಟ್ಟಿದ ಚಮಚ ಮತ್ತೆ ಅಡುಗೆಮನೆಗೆ ಬರುವ ಹಾಗಿಲ್ಲ ಎಂದು ಅಮ್ಮ ತಕರಾರು ತೆಗೆದರು. ಅತ್ತೆ ಒಳಗೆ ಹೋಗಿ ತಮ್ಮ ತೆಂಗಿನ ಚಿಪ್ಪಿನ ಸೌಟು ತಂದುಕೊಟ್ಟರು. ಅದರ ಬೆನ್ನು ಎಷ್ಟೋ ವರ್ಷ ಉಜ್ಜಿ ಉಜ್ಜಿ ನುಣ್ಣಗಾಗಿತ್ತು. ಚಮಚಕ್ಕಿಂತ ಚೆನ್ನಾಗಿ ಕೆಲಸ ಮಾಡಿತು.

ಮೊದಲ ಹಾಳೆ ಎತ್ತಿದಾಗ ಅತ್ತೆ ಪಕ್ಕದಲ್ಲೇ ನಿಂತಿದ್ದರು. ಹಾಳೆಯನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು. "ಇಷ್ಟು ವಯಸ್ಸಾಯ್ತಾ ನಂಗೆ" ಎಂದರು. ಸೆರಗಿನ ಅಂಚಿನ ಮೇಲೆ ಬೆರಳಾಡಿಸಿದರು. ಮಸಿ ಹಸಿಯಾಗಿತ್ತು, ಬೆರಳಿಗೆ ಹತ್ತಿತು. ಅದನ್ನು ಒಗೆಯುವ ಕಲ್ಲಿಗೆ ಒರೆಸಿ, "ನಿನ್ನ ಕೈ ಚೆನ್ನಾಗಿದೆ ಕಣೆ" ಎಂದು ಹೇಳಿ ಹಾಲು ಕಾಯಿಸಲು ಹೋದರು.

ಸೋಮವಾರ ಮೇಷ್ಟ್ರಿಗೆ ತೋರಿಸಿದೆ. ಅವರು ಯಾರನ್ನೂ ಹೊಗಳದ ಮನುಷ್ಯ. ಕನ್ನಡಕ ಹಣೆಗೇರಿಸಿ ತುಂಬ ಹೊತ್ತು ನೋಡಿ, "ಬಂದಿದೆ" ಎಂದರು. ನನಗೆ ಆಕಾಶ ಮೂರೇ ಗೇಣು. ಇನ್ನಷ್ಟು ಶಹಬಾಸ್ ಸಿಗಲಿ ಎಂದು ಬಾಯಿ ಬಿಟ್ಟೆ. "ನಮ್ಮತ್ತೆ ಸ್ವಲ್ಪ ಕೂದಲು ಬರಿ ಅಂದ್ರು ಸಾರ್. ನಾನು ಬರೀಲಿಲ್ಲ. ಇಲ್ಲದ್ದು ಬರೀಬಾರದಲ್ವಾ ಸಾರ್."

ಮೇಷ್ಟ್ರು ಕನ್ನಡಕ ಇಳಿಸಿದರು. "ಅವರೇ ಕೇಳಿದ್ರಾ?"

"ಹೂಂ ಸಾರ್."

"ಎಷ್ಟು ಕೇಳಿದ್ರು?"

ನಾನು ಹಣೆಗೆ ಬೆರಳು ಅಡ್ಡ ಇಟ್ಟು ತೋರಿಸಿದೆ. ಅವರು ಹಾಳೆಯನ್ನು ಮೇಜಿನ ಮೇಲಿಟ್ಟರು. "ಸೆರಗಿಗೆ ಬಿಳಿ ಗೆರೆ ಹೇಗಿದ್ರೂ ಕೆತ್ತಿದೀಯ. ಅದರ ಕೆಳಗೆ ಅಷ್ಟು ಜಾಗ ಕೆತ್ತದೆ ಬಿಟ್ಟಿದ್ರೆ ಸಾಕಾಗಿತ್ತು. ಅದೇ ಕೂದಲಾಗ್ತಿತ್ತು. ನೀನು ಏನೂ ಬರೀಬೇಕಾಗೇ ಇರಲಿಲ್ಲವಲ್ಲಮ್ಮ."

ಅವರು ಬೈಯಲಿಲ್ಲ. ಬೈದಿದ್ದರೆ ನಾನು ಎದುರು ವಾದಿಸುತ್ತಿದ್ದೆ, ನೀವೇ ಹೇಳಿದ್ದಲ್ಲವೇ ಎಂದು. ಅವರು ಕೆಲಸದ ಮಾತನ್ನಷ್ಟೇ ಹೇಳಿದರು, ಇಲ್ಲಿ ಉಳಿ ಓರೆಯಾಗಿದೆ ಎನ್ನುವ ಹಾಗೆ. "ಹೊಸ ತುಂಡು ತಗೊಂಡು ಬಾ. ಇನ್ನೊಂದು ಮಾಡೋಣ" ಎಂದೂ ಸೇರಿಸಿದರು. ನಾನು ಪರೀಕ್ಷೆ ಮುಗಿಯಲಿ ಸಾರ್ ಎಂದೆ.

ಸ್ಕೂಲ್ ಡೇ ದಿನ ಚಿತ್ರ ಹಾಲಿನಲ್ಲಿ ಎಲ್ಲರ ಕಣ್ಣಿಗೆ ಬೀಳುವ ಕಡೆ ಇತ್ತು. ಎಲ್ಲರೂ ಹೊಗಳಿದರು. ಇಬ್ಬರು ಹುಡುಗಿಯರು ಅದರ ಮುಂದೆ ನಿಂತು ಸೆರಗು ಎಳೆದುಕೊಂಡ ಹಾಗೆ ನಟಿಸಿ ಕಿಸಕ್ಕನೆ ನಕ್ಕಿದ್ದನ್ನು ನಾನು ನೋಡಿದೆ. ಹೋಗಿ ಅವರ ಜಡೆ ಹಿಡಿದು ಜಗ್ಗಬೇಕೆನಿಸಿತು. ಜಗ್ಗಲಿಲ್ಲ. ಅತ್ತೆಗೆ ಮೊದಲೇ ಗೊತ್ತಿದ್ದದ್ದು ಇದು ಎಂದು ಆಗ ಅರ್ಥವಾಯಿತು. ಮನೆಗೆ ಬಂದಾಗ ಅವರು, "ಏನಂದ್ರು?" ಎಂದು ಕೇಳಿದರು. ಚೆನ್ನಾಗಿದೆ ಅಂದ್ರು ಎಂದೆ. ಅಷ್ಟೇ ಮಾತು. ಬಾಚಣಿಗೆ ತಂದು ಕೂತರು, ನಾನೂ ಬೆನ್ನು ತಿರುಗಿಸಿ ಕೂತೆ.

ಪರೀಕ್ಷೆ ಮುಗಿಯಿತು. ಹೈಯರೂ ಪಾಸಾಯಿತು. ಆಮೇಲೆ ಪಿಯುಸಿಗೆ ಸೈನ್ಸ್ ತೆಗೆದುಕೊಂಡು ಶೇಷಾದ್ರಿಪುರಂ ಕಡೆಯ ಒಂದು ಕಾಲೇಜಿಗೆ ಸೇರಿದೆ. ಬಸ್ಸು ಹಿಡಿಯುವುದು, ರೆಕಾರ್ಡ್ ಬರೆಯುವುದು, ಟ್ಯೂಷನ್ನು, ಇದರಲ್ಲೇ ದಿನ ಹೋಗುತ್ತಿತ್ತು. ಲಿನೋ ತುಂಡು, ಉಳಿಗಳು ಅಟ್ಟ ಸೇರಿದವು. ಅತ್ತೆ ಇನ್ನೊಂದು ಸಲ ಕೇಳಿದ್ದರೆ ಮಾಡಿಕೊಡುತ್ತಿದ್ದೆ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ನೆಪ. ಅವರು ಬದುಕಿನಲ್ಲಿ ಯಾರನ್ನೂ ಏನನ್ನೂ ಕೇಳಿದವರಲ್ಲ. ಒಂದು ಸಲ ಕೇಳಿದ್ದೇ ಹೆಚ್ಚು, ಮತ್ತೆ ಕೇಳಬೇಕು ಎಂದು ಕಾಯುವುದು ಎಂಥ ಲೆಕ್ಕ. ಎರಡು ವರ್ಷದಲ್ಲಿ ಎರಡು ಸಂಜೆ ಬಿಡುವು ಸಿಗಲಿಲ್ಲ ಎಂದರೆ ಯಾರು ನಂಬುತ್ತಾರೆ. ನಿಜವೇನೆಂದರೆ ಇನ್ನೊಂದು ಕೆತ್ತಿದರೆ ಮೊದಲನೆಯದು ತಪ್ಪು ಎಂದು ಅವರೆದುರು ಒಪ್ಪಿಕೊಂಡ ಹಾಗಾಗುತ್ತಿತ್ತು. ನನಗೆ ಅದು ಬೇಡವಾಗಿತ್ತು.

ಎರಡನೇ ಪಿಯುಸಿಯಲ್ಲಿದ್ದಾಗ ಅತ್ತೆಗೆ ಜ್ವರ ಬಂತು. ಮೂರು ದಿನ ಮಲಗಿದ್ದರು, ನಾಲ್ಕನೆಯ ದಿನ ಇರಲಿಲ್ಲ. ವೈಕುಂಠ ಸಮಾರಾಧನೆಗೆ ಇಡಲು ಒಂದು ಫೋಟೋ ಬೇಕು ಎಂದು ಹುಡುಕಿದರೆ ಇಡೀ ಮನೆಯಲ್ಲಿ ಒಂದೂ ಇಲ್ಲ. ಮದುವೆ ಮುಂಜಿಗಳ ಗುಂಪು ಫೋಟೋ ತೆಗೆಯುವಾಗೆಲ್ಲ ಅವರು ಒಲೆ ಮೇಲೆ ಏನೋ ಇಟ್ಟಿದ್ದೇನೆ ಎಂದು ಒಳಗೆ ಹೋಗಿಬಿಡುತ್ತಿದ್ದರು. ಅಪ್ಪನಿಗೆ ನನ್ನ ಅಚ್ಚು ನೆನಪಾಯಿತು. ಗಾಂಧಿ ಬಜಾರಿನಲ್ಲಿ ಕಟ್ಟು ಹಾಕಿಸಿ ತಂದರು. ತುಳಸಿ ಹಾರ ಹಾಕಿ ಕುರ್ಚಿಯ ಮೇಲಿಟ್ಟರು. ಬಂದ ನೆಂಟರೆಲ್ಲ ಅದರ ಮುಂದೆ ನಿಂತು, "ಇದ್ದ ಹಾಗೇ ಇದ್ದಾರೆ. ಎಷ್ಟು ಚೆನ್ನಾಗಿ ಮಾಡಿದಾಳೆ ಹುಡುಗಿ" ಎಂದರು. ನಾನು ಎಲೆ ಹಾಕುವ ನೆಪದಲ್ಲಿ ಒಳಗೇ ಉಳಿದೆ.

ಮಾರನೆಯ ದಿನ ಅಪ್ಪ ನನ್ನ ಹತ್ತಿರ ಬಂದರು. "ನೆಂಟರು ಕೇಳ್ತಿದಾರೆ, ಅವರವರ ಮನೇಲಿ ಇಟ್ಕೋತಾರಂತೆ. ಇನ್ನೊಂದು ಎಂಟು ತೆಗೆದುಕೊಡೋಕಾಗತ್ತಾ?"

ಇದಕ್ಕಿಂತ ಒಳ್ಳೆಯ ಅವಕಾಶ ಸಿಗಲಾರದು ಎಂದು ನನಗೆ ಆ ಕ್ಷಣದಲ್ಲೇ ಗೊತ್ತಿತ್ತು. "ಅದು ಬೇಡಪ್ಪ. ಹೊಸದಾಗಿ ಕೆತ್ತುತ್ತೀನಿ. ಸೆರಗಿನ ಕೆಳಗೆ ಸ್ವಲ್ಪ ಕೂದಲು ಕಾಣೋ ಹಾಗೆ" ಎಂದೆ.

ಅಪ್ಪ ನನ್ನನ್ನು ವಿಚಿತ್ರವಾಗಿ ನೋಡಿದರು. ಸಿಟ್ಟಿರಲಿಲ್ಲ, ದುಃಖವಿತ್ತು. "ಅರವತ್ತು ವರ್ಷ ಒಂದು ದಿನ ತಪ್ಪದೆ ನೇಮದಿಂದ ಇದ್ರು ಕಣಮ್ಮ. ಹೋದ ಮೇಲೆ ಅವರಿಗೆ ಕೂದಲು ಬರೆದು ಆ ನೇಮ ಕೆಡಿಸೋದಾ? ಅವರೇ ಇದ್ದಿದ್ರೆ ಒಪ್ತಿದ್ರಾ?"

ಅವರೇ ಕೇಳಿದ್ದರು ಅಪ್ಪ. ಹೇಳಬೇಕಾಗಿದ್ದದ್ದು ಈ ಮೂರು ಪದ. ಅಪ್ಪ ಕೆಟ್ಟವರಲ್ಲ, ಹೇಳಿದ್ದರೆ, ಹಾಗಾದರೆ ಮಾಡು ಎನ್ನುತ್ತಿದ್ದರೋ ಏನೋ. ಆದರೆ ಹೇಳಿದರೆ ಮುಂದಿನ ಪ್ರಶ್ನೆ ಬರುತ್ತದೆ, ಕೇಳಿದಾಗ ನೀನು ಏನಂದೆ ಎಂದು. ಅದಕ್ಕೆ ಉತ್ತರ ಕೊಡಲು ನನಗೆ ಬಾಯಿ ಬರಲಿಲ್ಲ. ಹದಿನಾರರಲ್ಲಿ ಮಾಡಿದ್ದನ್ನು ತಿಳಿಯದೆ ಮಾಡಿದೆ ಎಂದು ಕ್ಷಮಿಸಿಕೊಳ್ಳಬಹುದು. ಹದಿನೆಂಟರಲ್ಲಿ ಎಲ್ಲವೂ ತಿಳಿದಿತ್ತು. ಒಬ್ಬ ಹೆಂಗಸಿನ ಒಂದೇ ಒಂದು ಆಸೆ ನನ್ನೊಬ್ಬಳಿಗೆ ಗೊತ್ತಿತ್ತು. ನನ್ನ ಮರ್ಯಾದೆ ಉಳಿಸಿಕೊಳ್ಳಲು ಅದನ್ನು ನುಂಗಿಕೊಂಡೆ. "ಸರಿಯಪ್ಪ" ಎಂದೆ.

ಅಟ್ಟದಿಂದ ಲಿನೋ ಇಳಿಸಿ ಧೂಳು ಒರೆಸಿದೆ. ಪ್ರೆಸ್ಸಿಗೆ ಹೋಗಿ ಮಸಿ ತಂದೆ. ಭಾನುವಾರ ಮಧ್ಯಾಹ್ನ ಹಿತ್ತಲಲ್ಲಿ ಕೂತು ಒಂದೊಂದಾಗಿ ತೆಗೆದು ಬಟ್ಟೆ ಒಣಹಾಕುವ ತಂತಿಗೆ ಸಿಕ್ಕಿಸಿದೆ. ಎಲ್ಲೂ ಮಸಿ ಹರಡಿರಲಿಲ್ಲ. ಎಂಟರಲ್ಲೂ ಹಣೆ ಅಚ್ಚ ಬಿಳಿಯಾಗಿತ್ತು. ಅಪ್ಪ ಬಂದು ತಂತಿಯುದ್ದಕ್ಕೂ ನಡೆದು ನೋಡಿ, "ಎಲ್ಲಾ ಚೆನ್ನಾಗಿ ಬಂದಿವೆ" ಎಂದರು. ನಾನು ಹೂಂ ಎಂದೆ.